ಬೀಳ್ಕೊಡುಗೆಯ ದಿನ: ಕೂಡಿ ಕಲಿತ ಮೂರು ವರ್ಷ

18 ಮಾರ್ಚ್ 2023, ಶನಿವಾರ
ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ

ಇಂದು ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ಮಕ್ಕಳ ಬೀಳ್ಕೊಡುಗೆ ಸಮಾರಂಭ ನಡೆಯಿತು. ಬರುವ ಬುಧವಾರ ಯುಗಾದಿ, ಮಾರ್ಚ್ 31ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಡುವೆ ಉಳಿದಿರುವುದು ಪುನರಾವರ್ತನೆಯ ಕೆಲವೇ ದಿನಗಳು. ಬಿಸಿಲು ಏರುವ ಮೊದಲೇ ಮುಗಿಸಬೇಕೆಂದು ಅತಿಥಿಗಳ ಭಾಷಣಗಳನ್ನು ಕಡಿಮೆ ಮಾಡಿ, ಮಾತನಾಡುವ ಸಮಯವನ್ನೆಲ್ಲ ಮಕ್ಕಳಿಗೇ ಬಿಟ್ಟುಕೊಟ್ಟೆವು. ನಾನು ಎಂಟನೆಯ ತರಗತಿಯಿಂದಲೂ ಇವರ ವರ್ಗಶಿಕ್ಷಕಿ, ಇವರಿಗೆ ಸಮಾಜ ವಿಜ್ಞಾನ ಕಲಿಸಿದವಳು. ಒಬ್ಬೊಬ್ಬರೂ ಎದ್ದು ನಿಂತು 'ಮೂರು ವರ್ಷ ಕೂಡಿ ಕಲಿತೆವು' ಎಂದು ಹೇಳುವಾಗ, ಈ ತರಗತಿಯವರೆಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ಕುಳಿತ ದಿನಗಳು ನಿಜಕ್ಕೂ ಎಷ್ಟು ಕಡಿಮೆ ಎಂಬುದು ನೆನಪಾಯಿತು. ಆದರೂ ಒಬ್ಬರಿಗೊಬ್ಬರು ಇಷ್ಟು ಆಸರೆಯಾದ ತರಗತಿಯನ್ನು ನಾನು ಬೇರೆ ಕಂಡಿಲ್ಲ. ಅದು ಹೇಗಾಯಿತೆಂಬುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇವರು ಏಳನೆಯ ತರಗತಿಯ ಕೊನೆಯ ಪಾಠಗಳಲ್ಲಿದ್ದಾಗ, 2020ರ ಮಾರ್ಚ್‌ನಲ್ಲಿ, ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆ ವಾರದಲ್ಲಿ ಮುಚ್ಚಿದ ಶಾಲೆಯ ಬಾಗಿಲು ಇವರ ಪಾಲಿಗೆ ಬಹುಕಾಲ ತೆರೆಯಲೇ ಇಲ್ಲ. ಪರೀಕ್ಷೆ ಇಲ್ಲದೆ ಪಾಸಾಗಿ ಎಂಟನೆಯ ತರಗತಿಗೆ ದಾಖಲಾದರು. ಹೊಸ ಶಾಲೆ, ಹೊಸ ಶಿಕ್ಷಕರು, ಆದರೆ ಕೂರಲು ಬೆಂಚಿಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ, ಅಂದರೆ ಮಕ್ಕಳಿದ್ದಲ್ಲಿಗೇ ಶಿಕ್ಷಕರು ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ, ಆರಂಭವಾದಾಗ ನಾನು ಇವರನ್ನು ಮೊದಲು ಕಂಡದ್ದು ಹನುಮಾನ ಗುಡಿಯ ಕಟ್ಟೆಯ ಮೇಲೆ, ಅರ್ಧ ಮುಖ ಮುಚ್ಚಿದ ಮಾಸ್ಕುಗಳಲ್ಲಿ. ಯಾರ ಹೆಸರು ಯಾವುದೆಂದು ಕಣ್ಣುಗಳಿಂದಲೇ ಗುರುತು ಹಿಡಿಯಬೇಕಿತ್ತು. ಊರಿನವರು ಒಂದು ಕಟ್ಟೆ, ತಾಂಡಾದವರು ಇನ್ನೊಂದು ಬೇವಿನ ಮರ, ಹೀಗೆ ಗುಂಪು ಗುಂಪಾಗಿ ಕಲಿತರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯಲ್ಲಿ ಪಾಠ ಬರುವ ಹೊತ್ತಿಗೆ ಟಿವಿ ಇದ್ದ ಮನೆಯವರು ಇಲ್ಲದವರನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ಇಂದು ಒಬ್ಬ ಹುಡುಗಿ ಹೇಳಿದಳು: "ನಾವು ಮೊದಲು ದೋಸ್ತಿ ಆಗಿದ್ದು ಶಾಲ್ಯಾಗಲ್ರೀ ಟೀಚರ್, ಇಕಿ ಮನ್ಯಾಗ ಟಿವಿ ಮುಂದ." ಫೆಬ್ರವರಿಯ ಕೊನೆಗೆ ಎಂಟನೆಯ ತರಗತಿಯವರಿಗೆ ಪೂರ್ಣ ಪ್ರಮಾಣದಲ್ಲಿ ಶಾಲೆ ತೆರೆದು, ಮಕ್ಕಳು ಒಬ್ಬರ ಹೆಸರು ಒಬ್ಬರು ಕಲಿಯುವಷ್ಟರಲ್ಲಿ, ಎರಡನೆಯ ಅಲೆ ಬಂದು ಮತ್ತೆ ಬಾಗಿಲು ಹಾಕಿಸಿತು.

ಹೀಗಾಗಿ ಇವರ ಪಾಲಿಗೆ ನಿಜವಾದ ಶಾಲೆ ಆರಂಭವಾದದ್ದು 2021ರ ಆಗಸ್ಟ್ ಕೊನೆಯಲ್ಲಿ, ಒಂಬತ್ತನೆಯ ತರಗತಿಯಲ್ಲಿ. ಅಲ್ಲಿಯೂ ಒಂದು ಕೊರತೆ ಕಾದಿತ್ತು. 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸಿಗುತ್ತಿದ್ದ ಸೈಕಲ್, ಕೋವಿಡ್ ಕಾಲದಲ್ಲಿ ವಿತರಣೆ ನಿಂತುದರಿಂದ, ಈ ತಂಡಕ್ಕೆ ಸಿಗಲೇ ಇಲ್ಲ. ಅಕ್ಕ ಅಣ್ಣಂದಿರ ಹಳೆಯ ಸೈಕಲ್ ಇದ್ದವರು ಹಿಂದೆ ಒಬ್ಬರನ್ನು, ಕೆಲವೊಮ್ಮೆ ಮುಂದಿನ ದಂಡಿಗೆಯ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಂಡು ಬರುತ್ತಿದ್ದರು. ತಾಂಡಾದ ಹುಡುಗಿಯರು ನಡೆದೇ ಬಂದರು, ಎರಡು ವರ್ಷವೂ.

ನಮ್ಮ ಭಾಗದಲ್ಲಿ ದೀಪಾವಳಿ ಮುಗಿಯಿತೆಂದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಹೆಚ್ಚುತ್ತವೆ. ಕೂಲಿಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ಪಡೆದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತವೆ. ಇನ್ನು ಕೆಲವರು ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಊರಲ್ಲೇ ಉಳಿದವರ ಮಕ್ಕಳಿಗೆ ಹತ್ತಿ ಬಿಡಿಸುವುದು, ಅನಂತರ ತೊಗರಿಯ ರಾಶಿ. ಈ ವರ್ಷವಂತೂ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿದ್ದರಿಂದ, ಎಂದೂ ಊರು ಬಿಡದ ಮನೆಗಳವರೂ ಹೊರಟರು. ಹೋದ ಮಗು ಎರಡು ಮೂರು ತಿಂಗಳ ಬಳಿಕ ಮರಳಿದರೆ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ; ಏನೂ ತಿಳಿಯದೆ ನಾಲ್ಕು ದಿನ ಕುಳಿತು, ಐದನೆಯ ದಿನ ಬರುವುದನ್ನೇ ಬಿಡುತ್ತದೆ. ಶಾಲೆ ಬಿಟ್ಟ ಮಕ್ಕಳಲ್ಲಿ ಬಹಳ ಜನ ಹೀಗೆಯೇ ಬಿಟ್ಟವರು. ಹೆತ್ತವರನ್ನು ದೂರುವುದು ನನ್ನಿಂದಾಗದು. ಹೊಟ್ಟೆಪಾಡಿನ ಮುಂದೆ ಅವರಿಗಿದ್ದ ಆಯ್ಕೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ತರಗತಿಯವರು ಅದಕ್ಕೆ ತಾವೇ ಒಂದು ದಾರಿ ಕಂಡುಕೊಂಡರು, ಮತ್ತು ಅದನ್ನು ಯಾವ ಶಿಕ್ಷಕರೂ ಹೇಳಿಕೊಟ್ಟಿರಲಿಲ್ಲ. ಊರು ಬಿಡುವವರು ತಮ್ಮ ನೋಟುಬುಕ್ಕುಗಳನ್ನು ಬೆಂಚಿನ ಗೆಳೆಯರ ಕೈಗೆ ಕೊಟ್ಟು ಹೋಗುತ್ತಿದ್ದರು. ಉಳಿದವರು ಸರದಿಯ ಮೇಲೆ ಅವುಗಳಲ್ಲಿ ದಿನದ ಪಾಠ ಬರೆದಿಡುತ್ತಿದ್ದರು. ಇಂದು ಒಬ್ಬ ಹುಡುಗ ತನ್ನ ಸಮಾಜ ವಿಜ್ಞಾನದ ನೋಟುಬುಕ್ಕನ್ನು ವೇದಿಕೆಗೆ ತಂದು ತೋರಿಸಿದ. ಕಾರ್ಯಕ್ರಮ ಮುಗಿದ ಮೇಲೆ ನಾನು ಅದನ್ನು ಕೇಳಿ ತೆಗೆದುಕೊಂಡು ಸಾವಕಾಶವಾಗಿ ನೋಡಿದೆ. ನವೆಂಬರ್‌ವರೆಗೆ ಅವನದೇ ಒತ್ತೊತ್ತಾದ ಅಕ್ಷರ. 'ಸ್ವಾತಂತ್ರ್ಯೋತ್ತರ ಭಾರತ' ಎಂಬ ಪಾಠದಲ್ಲಿ ಕೈ ಬದಲಾಗುತ್ತದೆ: ದುಂಡಗಿನ ಅಕ್ಷರ, ಶೀರ್ಷಿಕೆಗಳಿಗೆ ಕೆಂಪು ಶಾಯಿ. ಎರಡು ಪುಟ ದಾಟಿದರೆ ಬಲಕ್ಕೆ ವಾಲಿದ ಇನ್ನೊಬ್ಬರ ಬರಹ; ಮುಂದೆ ಅಕಾರ ಹಕಾರಗಳನ್ನು ಅದಲು ಬದಲು ಮಾಡುವ ಒಬ್ಬ ಹುಡುಗನದು, ತಪ್ಪುಗಳ ಮೇಲಿಂದಲೇ ಅವನು ಯಾರೆಂದು ನಾನು ಗುರುತಿಸಿದೆ. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನ ಮಾತುಗಳಿವೆ. 'ಇದು ಟೀಚರ್ ಎರಡು ಸಲ ಹೇಳ್ಯಾರ, ಪರೀಕ್ಷಾಕ ಬರ್ತದ.' ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿದ ಭಾಗದ ಪಕ್ಕದಲ್ಲಿ ಆ ದುಂಡಗಿನ ಅಕ್ಷರದವಳು ಹೀಗೆ ಬರೆದಿದ್ದಾಳೆ: 'ನಮ್ಮ ಮುತ್ಯಾ ಸಣ್ಣಾವ ಇದ್ದಾಗ ರಜಾಕಾರರಿಗೆ ಅಂಜಿ ಮನಿ ಮಂದಿ ಎಲ್ಲಾ ಹೊಲದಾಗ ಅಡಗಿದ್ದರಂತ. ಬಂದ ಮ್ಯಾಗ ಹೇಳ್ತೀನಿ.' ಕಬ್ಬಿನ ಫಡದಿಂದ ಫೆಬ್ರವರಿಯಲ್ಲಿ ಮರಳಿದ ಹುಡುಗ ಮೊದಲು ಓದಿದ್ದು ಪಾಠವನ್ನಲ್ಲ, ಈ ಅಂಚಿನ ಬರಹಗಳನ್ನಂತೆ. ತಾನು ಇಲ್ಲದಾಗಲೂ ತನ್ನೊಂದಿಗೆ ಮಾತನಾಡುತ್ತಿದ್ದರು ಎಂದು ಹೇಳುವಾಗ ಅವನ ಗಂಟಲು ಬಿಗಿಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನು ಎಲ್ಲ ವಿಷಯಗಳಲ್ಲೂ ಪಾಸಾಗಿದ್ದಾನೆ.

ಮಕ್ಕಳು ಬಹಳ ಹೊತ್ತು ನೆನೆದದ್ದು ಜನವರಿಯ ಸನ್ನತಿ ಪ್ರವಾಸವನ್ನು. ಸನ್ನತಿ ನಮ್ಮ ತಾಲ್ಲೂಕಿನಲ್ಲೇ, ಭೀಮಾ ನದಿಯ ದಂಡೆಯಲ್ಲಿದೆ. ಚಂದ್ರಲಾಂಬೆಯ ಜಾತ್ರೆಗೆಂದು ಅನೇಕರು ಹೋಗಿದ್ದರೂ, ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ನೋಡಿರಲಿಲ್ಲ. ಅಶೋಕನ ಶಿಲ್ಪವಿರುವ ಫಲಕದಲ್ಲಿ ಬ್ರಾಹ್ಮಿ ಲಿಪಿಯ 'ರಾಯಾ ಅಸೋಕೋ' (ರಾಜ ಅಶೋಕ) ಎಂಬ ಅಕ್ಷರಗಳನ್ನು ನಾನು ಓದಿ ಹೇಳುತ್ತಿದ್ದಾಗ, ತಂದೆ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಒಬ್ಬ ಹುಡುಗ ಫಲಕದ ಅಂಚಿನತ್ತ ಬಾಗಿ ನೋಡಿ, "ಇದು ನಮ್ಮ ಕಡಿ ಫರಸಿ ಕಲ್ಲೇ ಅದರೀ ಟೀಚರ್" ಎಂದ. ಅವನ ಮಾತು ಸರಿಯಾಗಿತ್ತು. ಆ ಶಿಲ್ಪಗಳನ್ನು ಕೆತ್ತಿರುವುದು ಈ ನೆಲದ ಸುಣ್ಣಕಲ್ಲಿನಲ್ಲೇ. ತರಗತಿಯಲ್ಲಿ ಬಾಯಿ ಬಿಡದ ಆ ಹುಡುಗ, ಕಲ್ಲು ಪದರು ಪದರಾಗಿ ಹೇಗೆ ಏಳುತ್ತದೆ, ಎಲ್ಲಿ ಉಳಿ ಇಟ್ಟರೆ ಸೀಳುತ್ತದೆ ಎಂದು ಅಂದು ಎಲ್ಲರಿಗೂ ವಿವರಿಸಿದ. ಅಂದಿನಿಂದ ಗೆಳೆಯರು ಅವನನ್ನು 'ರಾಯ' ಎಂದೇ ಕರೆಯುತ್ತಾರೆ. ಇಂದು ಅವನ ಹೆಸರು ಕೂಗಿದಾಗಲೂ ಕೋಣೆ ತುಂಬ ಅದೇ ಕೂಗು.

ಸುಸಲಾ, ಮಿರ್ಚಿ ಭಜಿ ಆದವು. ಶಾಲೆಗೆ ಗೋಡೆ ಗಡಿಯಾರ ಕೊಟ್ಟರು. ಹುಡುಗಿಯರು ಬಿಸಿಯೂಟದ ಅಡುಗೆಯವ್ವನನ್ನು ಕುರ್ಚಿಯಲ್ಲಿ ಕೂರಿಸಿ ಕುಪ್ಪಸದ ಖಣ, ಕಾಯಿ ಇಟ್ಟು ಉಡಿ ತುಂಬಿದರು. ಇದು ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. ಆ ತಾಯಿಗೆ ಏನು ಹೇಳಬೇಕೆಂದು ತೋಚದೆ, ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, "ಚೊಲೋ ಬರೀರವ್ವಾ" ಎಂದಷ್ಟೇ ಹೇಳಿದರು.

ಕೊನೆಗೆ ತರಗತಿಯ ನಾಯಕಿ ಒಂದು ಹಾಳೆ ತೆಗೆದು, ಎಂಟನೆಯ ತರಗತಿಯ ಹಾಜರಿಯಲ್ಲಿದ್ದು ಇಂದು ಇಲ್ಲದವರ ಹೆಸರುಗಳನ್ನು ಓದಿದಳು. ಮದುವೆಯಾಗಿ ಹೋದ ಇಬ್ಬರು ಹುಡುಗಿಯರು, ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ನಿಂತ ಹುಡುಗ, ಎರಡನೆಯ ಅಲೆಯಲ್ಲಿ ತಂದೆಯನ್ನು ಕಳೆದುಕೊಂಡು ಕಿರಾಣಿ ಅಂಗಡಿಗೆ ಸೇರಿದವನು. ಪ್ರತಿ ಹೆಸರಿಗೂ ಉಳಿದವರು 'ಹಾಜರ್' ಎಂದರು. ಹದಿನಾರು ತುಂಬದ ಹುಡುಗಿಯ ಹೆಸರನ್ನು ಮದುವೆಯ ಕಾರಣಕ್ಕೆ ಹಾಜರಿಯಿಂದ ತೆಗೆಯಬೇಕಾಗಿ ಬರುವುದು ನನ್ನನ್ನು ಇಂದಿಗೂ ನೋಯಿಸುತ್ತದೆ, ಅದಕ್ಕೆ ಯಾರು ಯಾವ ಕಾರಣ ಕೊಟ್ಟರೂ ನಾನು ಒಪ್ಪಲಾರೆ.

ಮುಂದಿನದರ ಬಗ್ಗೆಯೂ ಮಾತಾಯಿತು. ಕೆಲವರು ಚಿತ್ತಾಪುರದಲ್ಲಿ ಪಿಯುಸಿ, ಕೆಲವರು ಕಲಬುರಗಿಯಲ್ಲಿ ಐಟಿಐ ಎನ್ನುತ್ತಿದ್ದಾರೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ. 70ರಷ್ಟು ಸೀಟುಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಇಲ್ಲಿಯ ಮಕ್ಕಳಿಗೆ ಮೀಸಲಿವೆ. ಆ ಮೀಸಲಾತಿಗೆ ಬೇಕಾದ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಕಾಯದೆ ಮಾಡಿಸಿಟ್ಟುಕೊಳ್ಳಿರೆಂದು ಎಲ್ಲರಿಗೂ ಹೇಳಿದೆ.

ಎಲ್ಲರೂ ಹೊರಟ ಮೇಲೆ ನಾಯಕಿ ಮತ್ತು ಅವಳ ಬೆಂಚಿನ ಗೆಳತಿ ಸಿಬ್ಬಂದಿ ಕೋಣೆಗೆ ಬಂದರು. ಕಿರಾಣಿ ಅಂಗಡಿಯ ಹುಡುಗ ಬರುವ ವರ್ಷ ಪರೀಕ್ಷೆ ಕಟ್ಟಬಹುದೇ ಎಂದು ಕೇಳಿದರು. ಹದಿನೈದು ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಅವನ ವರ್ಗಾವಣೆ ಪತ್ರ ನಮ್ಮ ಕಚೇರಿಯಲ್ಲೇ ಇದೆ ಎಂದೆ. ಮೂರೂ ವರ್ಷದ ನೋಟುಬುಕ್ಕುಗಳನ್ನು ರದ್ದಿಗೆ ಹಾಕದೆ ಅವನಿಗಾಗಿ ಕೂಡಿಸಿಡುತ್ತೇವೆಂದು ಹೇಳಿ, ಯಾವ ವಿಷಯದ್ದು ಯಾರ ಬಳಿ ಇದೆ ಎಂದು ಅಲ್ಲೇ ಮೇಜಿನ ಮೇಲೆ ಪಟ್ಟಿ ಬರೆದರು. ಗಣಿತದ್ದೊಂದು ಸಿಕ್ಕಿಲ್ಲ; ಸೋಮವಾರ ಕೇಳಿ ತರುತ್ತಾರಂತೆ.