ಬ್ರೆಡ್ಡಿನ ನಡುವೆ ಹಾಗಲಕಾಯಿ ಗೊಜ್ಜು ಇಡುತ್ತೀರಾ?

ಮನೆಗೆ ಬಂದ ನೆಂಟರು, ಮಕ್ಕಳ ಊಟದ ಡಬ್ಬಿಯನ್ನು ನೋಡಿದ ಅವರ ಗೆಳೆಯರ ತಾಯಂದಿರು, ನೆರೆಹೊರೆಯವರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು: ಹಾಗಲಕಾಯಿ ಗೊಜ್ಜು, ಗುರೆಳ್ಳು ಚಟ್ನಿಪುಡಿ, ಹೋಳಿಗೆಯ ಹೂರಣ ಇವನ್ನೆಲ್ಲ ಸ್ಯಾಂಡ್‌ವಿಚ್ ಮಾಡಿ ತಿನ್ನುವುದು ನಿಮ್ಮ ಮನೆಯಲ್ಲಿ ಹೇಗೆ ರೂಢಿಯಾಯಿತು, ಸೌತೆಕಾಯಿ, ಟೊಮೇಟೊ, ಚೀಸ್ ಸಾಲದೇ?

ಇವುಗಳಲ್ಲಿ ಒಂದೂ ನಮಗೆ ಹೊಸ ತಿನಿಸಲ್ಲ ಎಂಬುದೇ ನನ್ನ ಉತ್ತರ. ರೊಟ್ಟಿ, ಚಪಾತಿ, ದೋಸೆಗಳಿಗೆ ಅಜ್ಜಿಯ ಕಾಲದಿಂದ ನಂಚಿಕೊಳ್ಳುತ್ತಿದ್ದುದನ್ನೇ ಬ್ರೆಡ್ಡಿಗೂ ನಂಚಿಕೊಂಡೆವು. ಮನೆಗೆ ಹೊಸದಾಗಿ ಬಂದದ್ದು ಬ್ರೆಡ್ಡೇ ಹೊರತು ಗೊಜ್ಜಲ್ಲ. ಅಂಗಡಿಯ ಬಿಳಿ ಬ್ರೆಡ್ಡಿನಲ್ಲಿ ಒಂದಿಷ್ಟು ಸಿಹಿ ಬಿಟ್ಟರೆ ಹೇಳಿಕೊಳ್ಳುವಂಥ ರುಚಿ ಇರುವುದಿಲ್ಲವಾದ್ದರಿಂದ, ಹುಳಿ, ಖಾರ, ಕಹಿ ಮೂರೂ ಗಟ್ಟಿಯಾಗಿರುವ ಪದಾರ್ಥವೇ ಅದಕ್ಕೆ ಸರಿಯಾದ ಜೊತೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಸೌತೆಕಾಯಿ ಸಪ್ಪೆ, ಬ್ರೆಡ್ಡೂ ಸಪ್ಪೆ. ಎರಡು ಸಪ್ಪೆಗಳನ್ನು ಒಟ್ಟಿಗೆ ಇಟ್ಟು ಮಕ್ಕಳು ಡಬ್ಬಿ ಖಾಲಿ ಮಾಡಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಹಾಗಲಕಾಯಿಯ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚು ಅನುಮಾನ ಅದರ ಮೇಲೆಯೇ. ಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಅರ್ಧ ಗಂಟೆ ಬಿಟ್ಟು ಚೆನ್ನಾಗಿ ಹಿಂಡಬೇಕು. ಹೋಳಿನ ಅಂಚು ಕಂದುಬಣ್ಣಕ್ಕೆ ತಿರುಗುವವರೆಗೆ ಎಣ್ಣೆಯಲ್ಲಿ ಬಾಡಿಸಿ, ಗಟ್ಟಿ ಹುಣಸೆರಸ, ಬೆಲ್ಲ, ಸಾರಿನ ಪುಡಿ, ಹುರಿದು ಪುಡಿ ಮಾಡಿದ ಎಳ್ಳು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಬೇಕು. ಅನ್ನಕ್ಕಾದರೆ ಗೊಜ್ಜು ಸ್ವಲ್ಪ ಸಡಿಲವಾಗಿದ್ದರೂ ನಡೆಯುತ್ತದೆ. ಬ್ರೆಡ್ಡಿಗೆ ಮಾತ್ರ ಅದು ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಸೌಟಿನಿಂದ ಗೀರು ಎಳೆದರೆ ಆ ಗೀರು ಕೂಡಿಕೊಳ್ಳದೆ ನಿಲ್ಲುವಷ್ಟು ಗಟ್ಟಿಯಾಗಬೇಕು. ಅನಂತರ ಬ್ರೆಡ್ಡಿನ ಒಂದೊಂದು ಮಗ್ಗುಲನ್ನು ಮಾತ್ರ ತುಪ್ಪ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಕಾಯಿಸಿ, ಆ ಕಾಯಿಸಿದ ಮಗ್ಗುಲನ್ನೇ ಒಳಗಿಟ್ಟು ಗೊಜ್ಜು ಸವರುತ್ತೇವೆ. ಗರಿಗರಿಯಾದ, ತುಪ್ಪ ಹೀರಿದ ಮೈ ಒಳಗಡೆ ಇರುವುದರಿಂದ ಗೊಜ್ಜಿನ ತೇವ ಬೇಗ ಇಳಿಯುವುದಿಲ್ಲ, ಹೊರಮೈ ಮೆತ್ತಗಿರುವುದರಿಂದ ಕಚ್ಚುವುದಕ್ಕೂ ಸುಲಭ.

ತೇವವನ್ನು ಗೆದ್ದರೆ ಬ್ರೆಡ್ಡಿನೊಳಗೆ ಏನನ್ನಾದರೂ ಇಡಬಹುದು ಎಂಬುದೇ ನಮ್ಮ ಮನೆಯ ಅಡುಗೆಯ ಲೆಕ್ಕ. ಎಣ್ಣೆಗಾಯಿಯ ಮಸಾಲೆ ನೀರಾಯಿತೆನಿಸಿದರೆ ಒಂದು ಚಮಚ ಹುರಿಗಡಲೆ ಹಿಟ್ಟು ಬೆರೆಸುತ್ತೇವೆ. ಹೆಸರುಬೇಳೆ ಕೋಸಂಬರಿ ಇಡುವ ದಿನ ಉಪ್ಪನ್ನು ಬೇರೆಯಾಗಿ ಕಟ್ಟಿಕೊಡುತ್ತೇವೆ, ಏಕೆಂದರೆ ಉಪ್ಪು ಬಿದ್ದ ಗಳಿಗೆಯಿಂದಲೇ ಸೌತೆಕಾಯಿ ನೀರು ಬಿಡುತ್ತದೆ.

ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಜೋಳದ ರೊಟ್ಟಿಯ ಮೇಲೆ ಬೆಣ್ಣೆ, ಅದರ ಮೇಲೆ ಗುರೆಳ್ಳು ಪುಡಿ, ಪಕ್ಕದಲ್ಲಿ ಹಸಿ ಈರುಳ್ಳಿ ಅವರ ಊಟದ ಕ್ರಮ. ರೊಟ್ಟಿ ಬಡಿಯಲು ಕೈ ನೋಯುವ ದಿನಗಳಲ್ಲಿ ಅದನ್ನೇ ಬ್ರೆಡ್ಡಿನ ಮೇಲೆ ಮಾಡಿಕೊಂಡವರು ಅವರು. ನಾವು ಹುಚ್ಚೆಳ್ಳು ಎನ್ನುವ ಆ ಕಪ್ಪು ಕಾಳಿನಲ್ಲಿ ಎಣ್ಣೆಯಂಶ ಹೇರಳವಾಗಿರುವುದರಿಂದ ಪುಡಿ ಒಣಗಿದಂತೆ ಕಂಡರೂ ಬೆಣ್ಣೆಯೊಡನೆ ಕೂಡಿಕೊಂಡು ನುಣ್ಣಗಾಗುತ್ತದೆ. ಬಿಳಿ ಬ್ರೆಡ್ಡಿನ ನಡುವೆ ಕರಿಪುಡಿ ಕಂಡು ಮೊದಲ ಸಲ ಮುಖ ಸಿಂಡರಿಸಿದ ಮಕ್ಕಳು ಈಗ ವಾರಕ್ಕೊಮ್ಮೆಯಾದರೂ ಅದನ್ನೇ ಕೇಳುತ್ತಾರೆ.

ಹೂರಣದ ಸ್ಯಾಂಡ್‌ವಿಚ್ ಯುಗಾದಿಯ ಮರುದಿನದ್ದು. ಉಳಿದ ಕಡಲೆಬೇಳೆ ಹೂರಣವನ್ನು ಎರಡು ಹೋಳುಗಳ ನಡುವೆ ತೆಳ್ಳಗೆ ಹರಡಿ, ಎರಡೂ ಕಡೆ ತುಪ್ಪ ಬಿಟ್ಟು ಬೇಯಿಸಿದರೆ ಆಯಿತು.

ಇದೆಲ್ಲ ವಿಚಿತ್ರ ಎನ್ನುವವರಿಗೆ ನಾನು ಬೇಕರಿಗಳನ್ನು ನೆನಪಿಸುತ್ತೇನೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾದ ಬಿ.ಬಿ. ಬೇಕರಿಯ ಹಾದಿಯಲ್ಲಿ ಊರೂರಿಗೆ ಹಬ್ಬಿದ ಅಯ್ಯಂಗಾರ್ ಬೇಕರಿಗಳು ಪರದೇಶದ ಈ ತಿನಿಸನ್ನು ನಮ್ಮ ನಾಲಗೆಗೆ ಎಂದೋ ಒಗ್ಗಿಸಿವೆ. ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿದ ಖಾರಾ ಬನ್, ತೆಂಗಿನತುರಿ ತುಂಬಿದ ದಿಲ್‌ಪಸಂದ್, ಈರುಳ್ಳಿ-ಕ್ಯಾರೆಟ್ ಮಸಾಲೆ ಹೊತ್ತ ಬ್ರೆಡ್ ಟೋಸ್ಟ್ ಯಾರಿಗೂ ವಿಚಿತ್ರವೆನಿಸುವುದಿಲ್ಲ. ವಿ.ವಿ. ಪುರಂನಲ್ಲಿ ಬನ್ನನ್ನು ಸೀಳಿ, ಬೆಣ್ಣೆ ಮೆತ್ತಿ, ಖಾರದ ಕಾಂಗ್ರೆಸ್ ಕಡಲೆಕಾಯಿ ಬೀಜ ತುಂಬಿ ಕೊಡುವುದನ್ನು ಜನ ಹುಡುಕಿಕೊಂಡು ಹೋಗಿ ತಿನ್ನುತ್ತಾರೆ. ಬನ್ನಿನೊಳಗೆ ಕಡಲೆಕಾಯಿ ಬೀಜ ಒಪ್ಪುವುದಾದರೆ ಬ್ರೆಡ್ಡಿನೊಳಗೆ ಗುರೆಳ್ಳು ಏಕೆ ಒಪ್ಪಬಾರದು?

ಮೊದಲು ಯಾವುದನ್ನು ಮಾಡಿ ನೋಡಲಿ ಎಂದು ಕೇಳುವವರಿಗೆ ಬೆಣ್ಣೆ ಮತ್ತು ಚಟ್ನಿಪುಡಿಯನ್ನೇ ಹೇಳುತ್ತೇನೆ. ಶೇಂಗಾ ಪುಡಿಯಾದರೂ ಸರಿಯೇ. ಅದಕ್ಕೆ ಒಲೆ ಹಚ್ಚಬೇಕಿಲ್ಲ. ಹಾಗಲಕಾಯಿಗೆ ಬಂದಾಗ ಗೊಜ್ಜನ್ನು ಹಿಂದಿನ ರಾತ್ರಿಯೇ ಮಾಡಿಡಿ, ಬೆಳಿಗ್ಗೆ ಬ್ರೆಡ್ಡು ಕಾಯಿಸಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಯ ಮುಚ್ಚಳ ಹಾಕಿ. ಬಿಸಿಯಿರುವಾಗ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಬ್ರೆಡ್ಡಿನ ಮೇಲೆಯೇ ಇಳಿಯುತ್ತದೆ.