ಹಪ್ಪಳದ ಡ್ರೈಯರ್: ನಷ್ಟ ಯಾರ ತಲೆ ಮೇಲೆ?

ಏಪ್ರಿಲ್ ಕೊನೆ

ಡ್ರೈಯರ್‌ನ ಹೊಸ ಮಾದರಿ ಸಿದ್ಧವಾಗಿದೆ. ಮೇಲೆ ಪಾಲಿಕಾರ್ಬೊನೇಟ್ ಶೀಟ್, ತಳಕ್ಕೆ ಕಪ್ಪು ಬಳಿದ ತಗಡು, ನಡುವೆ ಸ್ಟೀಲ್ ಜಾಲರಿಯ ತಟ್ಟೆಗಳು. ತೇವದ ಗಾಳಿ ಹೊರಗೆ ತಳ್ಳೋಕೆ ಸಣ್ಣ ಸೋಲಾರ್ ಪ್ಯಾನೆಲ್‌ನಿಂದ ಓಡುವ ಫ್ಯಾನ್. ನೆತ್ತಿ ಬಿಸಿಲಿಗೆ ಒಳಗೆ 60 ಡಿಗ್ರಿ ಮುಟ್ಟುತ್ತದೆ.

ಶಿರಸಿ ಕಡೆಯ ನಮ್ಮೂರಿನ ಸ್ವಸಹಾಯ ಸಂಘದ ಹೆಂಗಸರಿಗಾಗಿ ಇದನ್ನು ಮಾಡುತ್ತಿದ್ದೇವೆ. ಹಪ್ಪಳಕ್ಕೆ ಬೇಕಾದ ಬಲಿತ ಹಲಸಿನಕಾಯಿ ಸಿಗುವುದು ಬೇಸಿಗೆಯಲ್ಲಿ. ಅಷ್ಟರಲ್ಲೇ ಮೋಡ ಕಟ್ಟೋಕೆ ಶುರುವಾಗುತ್ತದೆ. ಅಂಗಳದ ಚಾಪೆ ಮೇಲೆ ಹಪ್ಪಳ ಹರವಿದವರು ಇಡೀ ದಿನ ಆಕಾಶ ನೋಡುತ್ತಾ ಇರಬೇಕು.

ಮಾದರಿ ತೋರಿಸಿದಾಗ ಸಂಘದ ಹಿರಿಯಕ್ಕ ಒಂದೇ ಪ್ರಶ್ನೆ ಕೇಳಿದರು. "ತಮ್ಮಾ, ನಿನ್ನ ಪೆಟ್ಟಿಗೆ ಸರಿ ಆಗ್ಲಿಲ್ಲ ಅಂದ್ರೆ ನೀನು ಇನ್ನೊಂದು ಮಾಡ್ತೀಯ. ನನ್ನ ಹಪ್ಪಳ ಹಾಳಾದ್ರೆ ಯಾರು ಕೊಡ್ತಾರೆ?"

ಬೆಂಗಳೂರಿನ ಸ್ಟಾರ್ಟಪ್ ಸಭೆಗಳಲ್ಲಿ "ಸೋಲಿಗೆ ಹೆದರಬೇಡಿ" ಅನ್ನೋ ಮಾತು ಬೇಕಾದಷ್ಟು ಕೇಳಿದ್ದೇನೆ. ಹೂಡಿಕೆದಾರರ ದುಡ್ಡಲ್ಲಿ ಸೋಲುವವರಿಗೆ ಆ ಮಾತು ಸರಿ. ಆದರೆ ಜನಸೇವೆಯ ಉದ್ದಿಮೆಯಲ್ಲಿ ಪ್ರಯೋಗ ಮಾಡುವವರು ಒಬ್ಬರು, ಪೆಟ್ಟು ತಿನ್ನುವವರು ಇನ್ನೊಬ್ಬರು. ಇದನ್ನು ಮೊದಲೇ ಬಗೆಹರಿಸಿಕೊಳ್ಳದೆ ಧೈರ್ಯದ ಮಾತಾಡೋದು ನನಗೆ ಒಪ್ಪಿಗೆಯಿಲ್ಲ.

ಪ್ಲೇಪಂಪ್ ಕತೆ ನೆನಪಾಗುತ್ತದೆ. ಮಕ್ಕಳು ತಿರುಗುಚಕ್ರದಲ್ಲಿ ಆಡಿದರೆ ಬೋರ್‌ವೆಲ್ ನೀರು ಮೇಲಿನ ಟ್ಯಾಂಕಿಗೆ ಏರಬೇಕು, ಅದೇ ಯೋಜನೆ. ಆಫ್ರಿಕಾದ ಹಳ್ಳಿಗಳಿಗೆ ಇದನ್ನು ಮುಟ್ಟಿಸೋಕೆ 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ಘೋಷಣೆಯಾಯಿತು. ಎಷ್ಟೋ ಕಡೆ ಮಕ್ಕಳು ಬೇಸತ್ತು ಇಳಿದರು. ಮೊದಲಿದ್ದ ಕೈಪಂಪ್ ತೆಗೆದ ಕಡೆ ಹೆಂಗಸರೇ ಆ ಚಕ್ರ ತಳ್ಳಿ ನೀರು ತುಂಬಬೇಕಾಯಿತು. ಹಣ ಕೊಟ್ಟ ಕೇಸ್ ಫೌಂಡೇಶನ್ 2010ರಲ್ಲಿ ಅಂದುಕೊಂಡಂತೆ ಆಗಲಿಲ್ಲ ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡಿದ್ದು ದೊಡ್ಡ ವಿಷಯವೇ. ಆದರೂ ಆ ನಾಲ್ಕು ವರ್ಷ ಚಕ್ರ ತಳ್ಳಿದವರ ರಟ್ಟೆ ನೋವಿಗೆ ಲೆಕ್ಕ ಇಟ್ಟವರು ಯಾರು?

ಮೇ ಮೊದಲ ವಾರ

ಸಂಘದ ಜೊತೆ ಕೂತು ಕರಾರು ಬರೆದೆವು. ಪ್ರಯೋಗ ಶುರುವಾಗುವ ಮುಂಚೆಯೇ ನಾನು ಮತ್ತು ಇಬ್ಬರು ಗೆಳೆಯರು ದುಡ್ಡು ಹಾಕಿ 'ನಷ್ಟ ನಿಧಿ' ಅಂತ ಸಂಘದ ಖಾತೆಯಲ್ಲೇ ಇಟ್ಟೆವು. ಡ್ರೈಯರ್‌ನಲ್ಲಿ ಹಾಳಾದ ಹಪ್ಪಳಕ್ಕೆ ಕಾಯಿ, ಉಪ್ಪು, ಖಾರದ ಖರ್ಚಷ್ಟೇ ಅಲ್ಲ, ಆ ದಿನದ ಕೂಲಿಯೂ ಅದರಿಂದಲೇ. ಹಾಳಾಗಿದೆಯೋ ಇಲ್ಲವೋ ಅಂತ ತೀರ್ಮಾನಿಸೋದು ಸಂಘದವರು, ನಾವಲ್ಲ.

ಸಂಘದವರು ಡ್ರೈಯರ್‌ಗೆ ಕಟ್ಟುವ ಕಂತಿನ ವಿಷಯದಲ್ಲಿ ಸೆಲ್ಕೋ ದಾರಿ ಹಿಡಿದಿದ್ದೇವೆ. 1995ರಲ್ಲಿ ಶುರುವಾದ ಈ ಸೋಲಾರ್ ಕಂಪನಿಯ ಸಹಸಂಸ್ಥಾಪಕ ಹರೀಶ್ ಹಂದೆ, ಬಡವರ ಮನೆಗೆ ಸೋಲಾರ್ ದೀಪ ಕೊಡಿಸೋಕೆ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿದರು. ದುಡಿಮೆ ಹೇಗೆ ಬರುತ್ತದೋ ಹಾಗೇ ಕಂತು. ರಸ್ತೆ ಬದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ. ನಮ್ಮ ಕರಾವಳಿಗೆ ಇದು ಹೊಸತೇನಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲೇ ಪಿಗ್ಮಿ ಯೋಜನೆ ತಂದು, ದಿನಾ ಮನೆ ಬಾಗಿಲಿಗೆ ಹೋಗಿ ಎರಡೆರಡು ಆಣೆ ಉಳಿತಾಯ ಸಂಗ್ರಹಿಸುತ್ತಿತ್ತು. ನಮ್ಮ ಹಪ್ಪಳಕ್ಕೆ ಗಿರಾಕಿ ಜಾಸ್ತಿ ಮಳೆಗಾಲದಲ್ಲಿ. ಹಾಗಾಗಿ ಡ್ರೈಯರ್‌ನ ಕಂತು ಶುರುವಾಗೋದು ಆಷಾಢದ ಮಾರಾಟ ಆದ ಮೇಲೆ.

ಮೇ ಮಧ್ಯ

ಮೊದಲ ದೊಡ್ಡ ಒಬ್ಬೆಯಲ್ಲಿ, ಅಂದರೆ ಒಂದು ಸಲಕ್ಕೆ ಒಣಗಿಸಿದ ಹಪ್ಪಳದಲ್ಲಿ, ಸುಮಾರು ಅರ್ಧದಷ್ಟು ಹಾಳಾಗಿ ಹೋಯಿತು. ನೋಡೋಕೆ ಚೆನ್ನಾಗಿಯೇ ಇತ್ತು, ಅಂಚು ಮುರಿದರೆ ಚಟ್ ಅನ್ನುತ್ತಿತ್ತು. ಡಬ್ಬಿಗೆ ತುಂಬಿಟ್ಟ ಮೇಲೆ ನಡುವಿನಲ್ಲಿ ಬೂಷ್ಟು ಕಂಡಿತು. ಕಾರಣ ಹಿರಿಯಕ್ಕನೇ ಹಿಡಿದರು. ಒಂದನ್ನು ಬೆರಳಲ್ಲಿ ಮಡಚಿ, ಅಂಚು ಮುರಿದು ನಡು ಮಾತ್ರ ಬಾಗುವುದನ್ನು ತೋರಿಸಿದರು. ಶುರುವಿನಲ್ಲೇ ಬಿಸಿ ಜಾಸ್ತಿಯಾದರೆ ಮೇಲ್ಪದರ ಬೇಗ ಗಟ್ಟಿಯಾಗುತ್ತದೆ, ಒಳಗಿನ ತೇವಕ್ಕೆ ಹೊರಬರೋ ದಾರಿ ಇರೋದಿಲ್ಲ. ಈಗ ಮೊದಲ ಕೆಲವು ಗಂಟೆ ಮೇಲಿನ ಕಿಂಡಿ ಪೂರ್ತಿ ತೆರೆದು 45 ಡಿಗ್ರಿ ಸುತ್ತಮುತ್ತ ಇಡುತ್ತೇವೆ. ಹಪ್ಪಳ ಮಗುಚಿದ ಮೇಲೆ ಕಿಂಡಿ ಅರ್ಧ ಮುಚ್ಚಿ ಬಿಸಿ ಏರಿಸುತ್ತೇವೆ. ಮರುದಿನದ ಒಬ್ಬೆ ಎಣ್ಣೆಗೆ ಬಿದ್ದ ಕೂಡಲೇ ಅರಳಿತು.

ಹಾಳಾದದ್ದಕ್ಕೆ ಹಣ ಅವತ್ತು ಸಂಜೆಯೇ ಪಾವತಿಯಾಯಿತು. ಆಮೇಲೆ ನಡೆದದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಅಲ್ಲಿಯವರೆಗೆ ದೂರ ನಿಂತಿದ್ದ ಇಬ್ಬರು ಮುಂದೆ ಬಂದು, ಖಾರದ ಬೇರೆ ಹದ, ತೆಳು ಹಪ್ಪಳ, ಬಾಳೆಕಾಯಿ ಎಲ್ಲ ಹಾಕಿ ನೋಡೋಣ ಅಂದರು. ತಮ್ಮ ಗಂಟು ಹೋಗೋದಿಲ್ಲ ಅಂತ ಗೊತ್ತಾದರೆ ಧೈರ್ಯ ತಾನಾಗೇ ಬರುತ್ತದೆ, ಅಲ್ವಾ?

ಕೆನಡಾದ 'ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್' ಅನ್ನೋ ಸೇವಾಸಂಸ್ಥೆ 2008ರಿಂದ ತನ್ನ ವೈಫಲ್ಯಗಳ ವರದಿಯನ್ನೇ ಪ್ರಕಟಿಸತೊಡಗಿತು. ಅದನ್ನು ನೋಡಿ ಸಂಘದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ: ಯಾವ ಒಬ್ಬೆ, ಎಷ್ಟು ಬಿಸಿ, ಏನು ಕೆಟ್ಟಿತು, ಎಷ್ಟು ಕೊಟ್ಟೆವು. ಪಕ್ಕದೂರಿನ ಸಂಘದವರು ಬಂದಾಗ ಮೊದಲು ಓದಿದ್ದು ಅದನ್ನೇ.

ಮುಂದಿನ ಕೆಲಸ

ಮಳೆ ಹಿಡಿದ ಮೇಲೂ ಓಡಬೇಕಾದರೆ ಒಲೆಯ ಬಿಸಿಯನ್ನು ಪೈಪಿನಲ್ಲಿ ತರಬೇಕು. ಹೊಗೆ ಹಪ್ಪಳಕ್ಕೆ ತಾಗಬಾರದು. ಅಂದಾಜು ಪಟ್ಟಿ ಮಾಡುತ್ತಿದ್ದೇನೆ. ನಷ್ಟ ನಿಧಿಯಲ್ಲಿ ಉಳಿದಿದ್ದಕ್ಕಿಂತ ಖರ್ಚು ಜಾಸ್ತಿ ಬಂದರೆ ಈ ವರ್ಷ ಅದಕ್ಕೆ ಕೈ ಹಾಕೋದು ಬೇಡ ಅಂತ ಅಕ್ಕಂದಿರು ಹೇಳಿದ್ದಾರೆ. ಅದರಂತೆಯೇ ನಡೆಯುತ್ತೇವೆ.