ಶ್ರೀಗಂಧದ ಕೊಲೋನ್: ದಾವಣಗೆರೆಯ ಬಿಸಿಲಿನಲ್ಲಿ ಮೂರು ವಾರ

ಬ್ರಷ್ಷು, ನೊರೆ ಸೋಪು ಮತ್ತು ಒಂದೇ ಬ್ಲೇಡಿನ ರೇಜರನ್ನು ಬಳಸುವ ಹಳೆಯ ಕ್ರಮದ ಕ್ಷೌರವನ್ನು ನಾನು ರೂಢಿಸಿಕೊಂಡು ಒಂದೂವರೆ ವರ್ಷವಾಯಿತು. ಅದರ ಕೊನೆಯ ಹಂತವಾದ ಸುಗಂಧದ ವಿಷಯದಲ್ಲಿ ಮಾತ್ರ ಮನಸ್ಸಿಗೆ ಒಪ್ಪುವಂಥದ್ದು ಇನ್ನೂ ಸಿಕ್ಕಿರಲಿಲ್ಲ. ಲಂಡನ್ನಿನಲ್ಲಿ ಪುರುಷರ ಕ್ಷೌರ ಮತ್ತು ಕೇಶಾಲಂಕಾರದ ಕಸುಬಿನಿಂದಲೇ ಹೆಸರು ಮಾಡಿದ ಹಳೆಯ ಸಂಸ್ಥೆಗಳು ಕೆಲವಿವೆ. 1805ರ ಟ್ರೂಫಿಟ್ ಅಂಡ್ ಹಿಲ್, 1854ರ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್, 1875ರ ಜಿಯೋ ಎಫ್. ಟ್ರಂಪರ್ ಆ ಪೈಕಿ ಪ್ರಸಿದ್ಧವಾದವು. ಅದೇ ಪರಂಪರೆಯ ಒಂದು ಸಂಸ್ಥೆಯ ಶ್ರೀಗಂಧದ ಕೊಲೋನನ್ನು, ಅಂದರೆ ಮದ್ಯಸಾರದಲ್ಲಿ ಬೆರೆಸಿದ ತೆಳುವಾದ ಸುಗಂಧದ್ರವ್ಯವನ್ನು, ಮಗಳು ಊರಿಗೆ ಬರುವಾಗ ತಂದುಕೊಟ್ಟಳು. ಹೋಲಿಕೆಗೆಂದು ನಾನು ಎರಡು ವಸ್ತುಗಳನ್ನು ಎದುರಿಗಿಟ್ಟುಕೊಂಡೆ: ದೇವರಮನೆಯಲ್ಲಿರುವ, ತಂದೆಯವರ ಕೈಯಲ್ಲಿ ಸವೆದು ಹೆಬ್ಬೆರಳುದ್ದಕ್ಕೆ ಇಳಿದಿರುವ ಗಂಧದ ಕೊರಡು ಮತ್ತು ಬಚ್ಚಲಿನಲ್ಲಿರುವ ಮೈಸೂರು ಸ್ಯಾಂಡಲ್ ಸೋಪು.

ಮೊದಲನೆಯ ದಿನ ಮಣಿಕಟ್ಟಿಗೆ ಎರಡು ಸಲ ಸಿಂಪಡಿಸಿಕೊಂಡಾಗ ಗಂಧದ ಸುಳಿವೇ ಇರಲಿಲ್ಲ. ಮೂಗಿಗೆ ಬಡಿದದ್ದು ಲ್ಯಾವೆಂಡರ್, ಅದರ ಬೆನ್ನಿಗೆ ಜೆರೇನಿಯಂ ಎಲೆಯ ಹಸಿರು ಘಾಟು. ಪೆಟ್ಟಿಗೆಯ ಮೇಲಿನ ಘಟಕಗಳ ಪಟ್ಟಿಯಲ್ಲಿ ಲಿನಲೂಲ್, ಜೆರಾನಿಯೋಲ್, ಸಿಟ್ರೊನೆಲ್ಲೋಲ್, ಕೂಮರಿನ್ ಎಂಬ ಪರಿಮಳದ ರಾಸಾಯನಿಕಗಳ ಹೆಸರಿತ್ತು. ಲ್ಯಾವೆಂಡರ್ ಮತ್ತು ಕೂಮರಿನ್ ಜೋಡಿಯನ್ನು ಕಂಡೊಡನೆ ಇದು ಫೂಜೇರ್ ಎಂಬ ಸುಗಂಧಗಳ ವರ್ಗಕ್ಕೆ ಸೇರಿದ್ದೆಂದು ತಿಳಿಯಿತು. 1882ರಲ್ಲಿ ಊಬಿಗಾಂ ಸಂಸ್ಥೆ ಹೊರತಂದ ಫೂಜೇರ್ ರೊಯಾಲ್‌ನಿಂದ ಹೆಸರು ಪಡೆದ ಈ ವರ್ಗವೇ ಪಾಶ್ಚಾತ್ಯ ಕ್ಷೌರದಂಗಡಿಗಳ ಪರಿಚಿತ ವಾಸನೆಗೆ ತಳಹದಿ. ಬಾಟಲಿಯೊಳಗೆ ಇರುವುದು ಮರದಿಂದ ಇಳಿಸಿದ ಎಣ್ಣೆಯೋ, ಜಾವನಾಲ್, ಸ್ಯಾಂಡಲೋರ್‌ಗಳಂತಹ, ಗಂಧದ ವಾಸನೆ ಕೊಡುವ ಕೃತಕ ಅಣುಗಳೋ ಎಂಬುದನ್ನು ಈ ಪಟ್ಟಿಯಿಂದ ಅರಿಯಲಾಗದು. ಎರಡೂ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಅಡಗಿಬಿಡುತ್ತವೆ.

ನಾಲ್ಕನೆಯ ದಿನ ಕೂದಲು ಕತ್ತರಿಸಿಕೊಳ್ಳಲು ಹೋದಾಗ ಬಾಟಲಿಯನ್ನೂ ಜೊತೆಗೆ ಒಯ್ದೆ. ನಲವತ್ತು ವರ್ಷಗಳಿಂದ ಕತ್ತರಿ ಹಿಡಿದಿರುವ, ಕ್ಷೌರವಾದ ಮೇಲೆ ಕೆನ್ನೆಗೆ ಪಟಿಕದ ಕಲ್ಲನ್ನು ಉಜ್ಜದೆ ಯಾರನ್ನೂ ಕುರ್ಚಿಯಿಂದ ಏಳಗೊಡದ ನಮ್ಮ ಕ್ಷೌರಿಕರು ಅಂಗೈಗೆ ಎರಡು ಹನಿ ಹಾಕಿಸಿಕೊಂಡು ಮೂಸಿ ನೋಡಿದರು. “ಇದ್ರಾಗ ಗಂಧ ಎಲ್ಲೈತಿ ಸರ್? ಪೌಡರ್ ವಾಸ್ನಿ ಬರಾಕತ್ತೈತಿ” ಎಂದರು. ನನ್ನ ಮೊದಲ ದಿನದ ಟಿಪ್ಪಣಿಯೂ ಅದನ್ನೇ ಹೇಳಿತ್ತು, ಇನ್ನೂ ಹೆಚ್ಚು ಮಾತುಗಳಲ್ಲಿ.

ಮೊದಲ ವಾರದ ಕೊನೆಗೆ ನಾನು ಬರೆದುಕೊಂಡ ತೀರ್ಪು ಕಠಿಣವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿಕೊಂಡು ಮಂಡಿಪೇಟೆಯ ಕಡೆ ಹೋಗಿ, ಮಂಡಕ್ಕಿ ಚೀಲಗಳ ನಡುವೆ ಹಾದು ಹತ್ತೂವರೆಗೆ ಮನೆ ಸೇರುವಷ್ಟರಲ್ಲಿ ನನ್ನ ಮೂಗಿಗೆ ಏನೂ ಸಿಗುತ್ತಿರಲಿಲ್ಲ. ತಾಪಮಾನ 38 ಡಿಗ್ರಿ ಮುಟ್ಟುವ ದಿನಗಳಲ್ಲಿ ಮದ್ಯಸಾರ ಬೇಗ ಆರುತ್ತದೆ, ಅದರೊಂದಿಗೆ ಹಗುರವಾದ ಅಣುಗಳೂ ಹಾರಿಹೋಗುತ್ತವೆ. ಅಲ್ಲದೆ ಸಾಂಪ್ರದಾಯಿಕ ಕೊಲೋನಿನಲ್ಲಿ ಸುಗಂಧ ತೈಲದ ಪಾಲು ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು ಮಾತ್ರ. ಹಾಗಾಗಿ ‘ಒಂದೂವರೆ ಗಂಟೆಯ ಬಾಳಿಕೆ, ನಮ್ಮ ಹವೆಗೆ ತಕ್ಕದ್ದಲ್ಲ’ ಎಂದು ಬರೆದು ಮುಗಿಸಿದ್ದೆ.

ಆ ಸಾಲನ್ನು ಹನ್ನೆರಡನೆಯ ದಿನ ಹೊಡೆದುಹಾಕಬೇಕಾಯಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಜ್ಜಿಗೆ ಬಡಿಸಲು ಬಗ್ಗಿದ ನಮ್ಮ ಮನೆಯವರು, “ಇದೇನ್ರೀ, ಈ ಹೊತ್ತಿನಾಗ ಗಂಧ ತೇಯ್ದ್ರೇನು?” ಎಂದು ಕೇಳಿದರು. ಕೊಲೋನ್ ಹಚ್ಚಿಕೊಂಡು ಆಗಲೇ ನಾಲ್ಕು ಗಂಟೆಯಾಗಿತ್ತು. ಒಂದೇ ಪರಿಮಳದಲ್ಲಿ ಸತತವಾಗಿ ಇರುವ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಹಾರಿಹೋಗಿದ್ದದ್ದು ಮೇಲಿನ ಲ್ಯಾವೆಂಡರ್ ಮಾತ್ರ. ಅಡಿಯ ಗಂಧ ಇದ್ದೇ ಇತ್ತು, ನನಗೆ ತಿಳಿಯುತ್ತಿರಲಿಲ್ಲ. ಬೇರೆಯವರ ಮೂಗನ್ನು ಕೇಳದೆ ಬಾಳಿಕೆಯ ಲೆಕ್ಕ ಬರೆದದ್ದು ನನ್ನ ತಪ್ಪು.

ಅಲ್ಲಿಂದ ಕ್ರಮ ಬದಲಿಸಿದೆ. ಒಂದು ಹನಿಯನ್ನು ಕಾಗದದ ಪಟ್ಟಿಗೆ, ಇನ್ನೊಂದನ್ನು ಒಗೆದ ಹತ್ತಿಯ ಕರವಸ್ತ್ರಕ್ಕೆ ಹಾಕಿ ಬೇರೆ ಕೋಣೆಯಲ್ಲಿಟ್ಟು, ಹೊರಗೆ ಸುತ್ತಾಡಿ ಬಂದ ಮೇಲೆ ಮೂಸಿದೆ. ಕಾಗದದ ಮೇಲೆ ಎರಡು ಗಂಟೆಗೂ ಲ್ಯಾವೆಂಡರ್ ಉಳಿದಿತ್ತು. ಚರ್ಮದ ಮೇಲೆ, ನಮ್ಮ ಸೆಕೆಯಲ್ಲಿ, ಅದರ ಆಯಸ್ಸು ಇಪ್ಪತ್ತು ನಿಮಿಷ. ಅಂದರೆ ಯಾವ ಬಿಸಿಲನ್ನು ನಾನು ದೂರಿದ್ದೆನೋ ಅದೇ ಬಿಸಿಲು ಲ್ಯಾವೆಂಡರಿನ ಮುಸುಕನ್ನು ಬೇಗ ಸರಿಸಿ ಗಂಧವನ್ನು ಮುಂದಕ್ಕೆ ತರುತ್ತಿತ್ತು. ಕರವಸ್ತ್ರದಲ್ಲಿ ಮರುದಿನ ಸಂಜೆಯವರೆಗೂ ಪರಿಮಳವಿತ್ತು.

ಹದಿನಾರನೆಯ ದಿನ ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಕೊರಡನ್ನು ತೇಯ್ದು, ಒಂದು ಕೈಗೆ ಆ ಗಂಧವನ್ನೂ ಇನ್ನೊಂದಕ್ಕೆ ಕೊಲೋನನ್ನೂ ಹಚ್ಚಿಕೊಂಡೆ. ತೇಯ್ದ ಗಂಧದಲ್ಲಿ ಕಾಯಿಸಿದ ಹಾಲಿನ ಕೆನೆಯನ್ನು ನೆನಪಿಸುವ ನುಣುಪಿದೆ, ತುದಿಯಲ್ಲಿ ತೀರ ಸಣ್ಣ ಹುಳಿಯಿದೆ. ಅದು ದೂರಕ್ಕೆ ಬೀಸುವುದಿಲ್ಲ, ಕೈಯನ್ನು ಮೂಗಿನ ಬಳಿ ತಂದರಷ್ಟೇ ಸಿಗುತ್ತದೆ. ಕೊಲೋನಿನ ಗಂಧ ಒಣಗಿದ್ದು, ಕೊಂಚ ಒರಟು. ಆ ಒರಟುತನ ಎಲ್ಲಿಯದೆಂದು ಬಹಳ ಹೊತ್ತು ಯೋಚಿಸಿದ ಮೇಲೆ ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುವ ಲಾವಂಚದ ಬೇರು ನೆನಪಾಯಿತು. ಅದೇ ಸರಿ, ಗಂಧದ ಜೊತೆಗೆ ಲಾವಂಚ, ಹಿಂದೆ ಮಣ್ಣಿನ ವಾಸನೆಯ ಪಚೌಲಿ.

ಹಾಗಾದರೆ ಇದು ಕಲಬೆರಕೆಯೇ ಎಂದು ಕೇಳಿದರೆ, ಬಚ್ಚಲಿನಲ್ಲಿರುವ ಸೋಪನ್ನೂ ಅದೇ ಪ್ರಶ್ನೆ ಕೇಳಬೇಕಾಗುತ್ತದೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಎಣ್ಣೆ ಇಳಿಸುವ ಕೆಲಸ ಇಲ್ಲಿಯೇ ಆರಂಭವಾಯಿತು. ಆ ಎಣ್ಣೆಯಿಂದ ಸೋಪು ಬಂತು, 1944ರಲ್ಲಿ ನಮ್ಮ ನೆರೆಯ ಶಿವಮೊಗ್ಗದಲ್ಲೂ ಎಣ್ಣೆಯ ಕಾರ್ಖಾನೆಯಾಯಿತು. ಆ ಸೋಪಿಗೂ ಶ್ರೀಗಂಧದ ಎಣ್ಣೆಯೊಂದಿಗೆ ಲಾವಂಚ, ಪಚೌಲಿ, ಜೆರೇನಿಯಂ ಮೊದಲಾದ ಎಣ್ಣೆಗಳು ಸೇರುತ್ತವೆ. ನಾವು ಚಿಕ್ಕಂದಿನಿಂದ ‘ಗಂಧ’ವೆಂದು ಗುರುತಿಸುತ್ತ ಬಂದ ವಾಸನೆಯಲ್ಲಿ ಅರ್ಧದಷ್ಟಾದರೂ ಸೋಪಿನದೇ ಇರಬೇಕೆಂದು ನನಗೆ ಅನ್ನಿಸುತ್ತದೆ. ಕೊಲೋನು ಹತ್ತಿರವಾಗುವುದು ಸೋಪಿಗೆ, ಕೊರಡಿಗಲ್ಲ.

ಇಪ್ಪತ್ತೊಂದನೆಯ ದಿನದ ತೀರ್ಪು ಹೀಗಿದೆ. ಗಂಧವೆಂದು ಕೊಳ್ಳುವವರಿಗೆ ಮೊದಲ ಇಪ್ಪತ್ತು ನಿಮಿಷ ನಿರಾಸೆ ಖಚಿತ. ಕ್ಷೌರದ ಕೊಲೋನ್ ಎಂದು ಕೊಳ್ಳುವವರಿಗೆ ಹಿತವಾದ ಆರಂಭ, ಆಮೇಲೆ ನಾಲ್ಕೈದು ಗಂಟೆಗಳ ಮೆಲುವಾದ ಗಂಧ. ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ರೇಜರ್ ಆಡಿದ ಕೆನ್ನೆಗೆ ಇದನ್ನು ನೇರವಾಗಿ ಹಚ್ಚುವುದನ್ನು ಮಾತ್ರ ನಿಲ್ಲಿಸಿದ್ದೇನೆ, ಏಕೆಂದರೆ ಮದ್ಯಸಾರದ ಉರಿ ಕಣ್ಣಲ್ಲಿ ನೀರು ತರಿಸುತ್ತದೆ. ಕೆನ್ನೆಗೆ ಪಟಿಕ, ಕೊರಳಪಟ್ಟಿಯ ಒಳಬದಿಗೆ ಕೊಲೋನ್. ಒಂದು ದಿನ ಹಳೆಯದಾದ ಕರವಸ್ತ್ರವನ್ನು ನಿನ್ನೆ ಅಂಗಡಿಗೆ ಒಯ್ದು ಕ್ಷೌರಿಕರ ಮುಂದೆ ಹಿಡಿದೆ. ಎರಡು ಸಲ ಮೂಸಿ, “ಈಗ ಬಂತು ನೋಡ್ರಿ” ಎಂದು ಹೇಳಿ, ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡರು.